ಡ್ಯಾಶ್‌ಕ್ಯಾಮ್‌ಗೆ ಫ್ಯೂಸ್ ಬಾಕ್ಸ್‌ನಿಂದ ಲೈನ್ ಎಳೆಯೋದು ಹೇಗೆ? ಗೊತ್ತಿರೋರು ಹೇಳಿ

ಕೇಳಿದವರು, ಮಂಡ್ಯ:
ಡ್ಯಾಶ್‌ಕ್ಯಾಮ್ ಈಗ ಲೈಟರ್ ಸಾಕೆಟ್‌ನಲ್ಲಿದೆ. ಕಾರು ರಾತ್ರಿ ಬೀದಿಯಲ್ಲೇ ನಿಲ್ಲೋದರಿಂದ ಗಾಡಿ ಆಫ್ ಇದ್ದಾಗಲೂ ರೆಕಾರ್ಡ್ ಮಾಡೋ ಪಾರ್ಕಿಂಗ್ ಮೋಡ್ ಬೇಕು. ಬ್ಯಾಟರಿ 35 ಎಎಚ್ (ಆಂಪ್-ಅವರ್). ವಾರಕ್ಕೆ ಎರಡು ಸಲ ಮೈಸೂರಿಗೆ ಹೋಗಿ ಬರೋದು ಬಿಟ್ಟರೆ ಗಾಡಿ ನಿಂತೇ ಇರುತ್ತೆ. ಎಲೆಕ್ಟ್ರಿಷಿಯನ್ ಒಬ್ಬರು ಸ್ಟೀರಿಯೋ ವೈರಿಗೆ ಸುತ್ತಿ ಟೇಪ್ ಹಾಕಿಕೊಡ್ತೀನಿ ಅಂತಾರೆ. ವಾರಂಟಿ ಇನ್ನೂ ಇದೆ. ಮಾಡಿಸಬಹುದಾ?

ಕುವೆಂಪುನಗರದಿಂದ:
ಸುತ್ತಿ ಟೇಪ್ ಹಾಕೋ ಜಾಯಿಂಟ್ ಬೇಡವೇ ಬೇಡ. ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಮೆತ್ತಗಾಗಿ ಬಿಚ್ಚಿಕೊಳ್ಳುತ್ತೆ, ತಾಮ್ರ ಗಾಡಿಯ ಲೋಹಕ್ಕೆ ತಾಗಿದರೆ ಸ್ಟೀರಿಯೋ ಫ್ಯೂಸ್ ಹೋಯ್ತು. ಒರಿಜಿನಲ್ ವೈರಿಂಗ್ ಸುಲಿದಿದ್ದು ಕಂಡರೆ ವಾರಂಟಿಗೂ ತಕರಾರು ತೆಗೀತಾರೆ.

ನಿಮ್ಮ ಕ್ಯಾಮರಾಗೆ ಹೊಂದುವ ಹಾರ್ಡ್‌ವೈರ್ ಕಿಟ್ (ಫ್ಯೂಸ್ ಬಾಕ್ಸ್‌ನಿಂದ ಕ್ಯಾಮರಾಗೆ ಕರೆಂಟ್ ತರೋ ಕಿಟ್) ತಗೊಳ್ಳಿ. ಅದರಲ್ಲಿ 12 ವೋಲ್ಟನ್ನ 5 ವೋಲ್ಟಿಗೆ ಇಳಿಸೋ ಪುಟ್ಟ ಡಬ್ಬಿ ಇರುತ್ತೆ. ಮೂರು ವೈರು: ಯಾವಾಗಲೂ ಕರೆಂಟ್ ಇರಬೇಕಾದ ಬಿ-ಪ್ಲಸ್, ಕೀ ತಿರುಗಿಸಿದಾಗ ಮಾತ್ರ ಬರೋ ಎಸಿಸಿ, ಆಮೇಲೆ ಅರ್ತ್ (ಗಾಡಿಯ ಲೋಹಕ್ಕೆ ಕೊಡೋ ಮೈನಸ್). ಸಾಮಾನ್ಯವಾಗಿ ಹಳದಿ, ಕೆಂಪು, ಕಪ್ಪು. ಆದರೆ ಬಣ್ಣ ನಂಬಬೇಡಿ, ಲೇಬಲ್ ಓದಿ. ಹಳದಿ ಕೆಂಪು ಅದಲುಬದಲಾದರೆ ಓಡಿಸುವಾಗ ಎಲ್ಲ ಸರಿಯಾಗೇ ಕಾಣುತ್ತೆ, ಕೀ ತೆಗೆದ ತಕ್ಷಣ ಕ್ಯಾಮರಾ ಆಫ್.

ಬಿ-ಪ್ಲಸ್‌ಗೆ ಒಂದು, ಎಸಿಸಿಗೆ ಒಂದು, ಎರಡು ಫ್ಯೂಸ್ ಟ್ಯಾಪ್ ಬೇಕು. ಗಾಡಿಯ ಫ್ಯೂಸ್ ಜಾಗದಲ್ಲಿ ಚುಚ್ಚಿ, ಹಳೇ ಫ್ಯೂಸ್ ಜೊತೆ ಹೊಸ ಲೈನಿನ ಫ್ಯೂಸನ್ನೂ ಹಾಕೋ ಹೋಲ್ಡರ್ ಅದು. ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೋ-2 ಅಂತ ಸೈಜ್ ಬೇರೆ ಬೇರೆ. ಅಂಗಡಿಗೆ ಹೋಗುವಾಗ ಗಾಡಿಯ ಒಂದು ಫ್ಯೂಸ್ ಕಿತ್ತು ಜೇಬಲ್ಲಿ ಹಾಕ್ಕೊಂಡು ಹೋಗಿ. ಕ್ಯಾಮರಾ 5 ವೋಲ್ಟಲ್ಲಿ 2 ಆಂಪ್ ತಗೊಂಡರೂ 10 ವ್ಯಾಟ್, ಅಂದರೆ 12 ವೋಲ್ಟ್ ಕಡೆ 1 ಆಂಪೂ ಇಲ್ಲ. ಹೊಸ ಲೈನಿಗೆ 3 ಆಂಪಿನ ನೇರಳೆ ಫ್ಯೂಸ್ ಧಾರಾಳ. ಫ್ಯೂಸ್ ಕಾಯೋದು ಕ್ಯಾಮರಾನಲ್ಲ, ವೈರನ್ನ. ಕಿಟ್ಟಿನ ವೈರು ಸಣ್ಣದು.

ಶ್ರೀರಂಗಪಟ್ಟಣದಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ಜನ ಎಡವೋದು ಟ್ಯಾಪ್ ಕೂರಿಸೋ ದಿಕ್ಕಿನಲ್ಲಿ. ಟ್ಯಾಪಿನ ಎರಡು ಕಾಲಲ್ಲಿ ಒಂದು ಎರಡೂ ಫ್ಯೂಸಿಗೆ ಸೇರಿದ್ದು. ಅದು ಬ್ಯಾಟರಿಯಿಂದ ಕರೆಂಟ್ ಬರೋ ಕಡೆ ಇರಬೇಕು. ಹೊಸ ಫ್ಯೂಸ್ ಒಂದನ್ನೇ ಟ್ಯಾಪಿಗೆ ಹಾಕಿ ಮಲ್ಟಿಮೀಟರ್‌ನಲ್ಲಿ ಬೀಪ್ ನೋಡಿ: ಟ್ಯಾಪಿನ ವೈರಿನ ಜೊತೆ ಯಾವ ಕಾಲು ಮುಟ್ಟಿಸಿದರೆ ಬೀಪ್ ಬರುತ್ತೋ ಅದೇ ಆ ಕಾಲು. ಆಮೇಲೆ ಗಾಡಿಯ ಫ್ಯೂಸ್ ಕಿತ್ತು, ಕೀ ಆನ್ ಮಾಡಿ, ಖಾಲಿ ಸ್ಲಾಟಿನ ಎರಡೂ ಕಡೆ ಅಳೆಯಿರಿ. 12 ವೋಲ್ಟ್ ತೋರಿಸೋ ಕಡೆ ಆ ಕಾಲು ಬರಲಿ. ಉಲ್ಟಾ ಹಾಕಿದರೂ ಕ್ಯಾಮರಾ ಆನ್ ಆಗುತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಆಗ ಕ್ಯಾಮರಾದ ಲೋಡೂ ಹಳೇ ಫ್ಯೂಸಿನ ತಲೆ ಮೇಲೇ ಕೂತಿರುತ್ತೆ.

ಎಸಿಸಿಗೆ ಲೈಟರ್ ಸಾಕೆಟ್ ಫ್ಯೂಸ್ ಒಳ್ಳೇದು. ಏರ್‌ಬ್ಯಾಗ್, ಎಬಿಎಸ್, ಪವರ್ ಸ್ಟೀರಿಂಗ್, ಫ್ಯೂಯಲ್ ಪಂಪ್, ಇಸಿಎಂ (ಎಂಜಿನ್ ಕಂಪ್ಯೂಟರ್) ಇವುಗಳ ಫ್ಯೂಸ್ ಮುಟ್ಟಲೇಬೇಡಿ. ಬಿ-ಪ್ಲಸ್‌ಗೆ ಹಜಾರ್ಡ್ ಅಥವಾ ಡೋರ್ ಲಾಕ್ ಫ್ಯೂಸ್ ನೋಡಿ. ರೂಫ್ ಲೈಟಿನದು ಕೈ ಕೊಡಬಹುದು. ಕೆಲವು ಗಾಡಿಗಳಲ್ಲಿ ಲಾಕ್ ಮಾಡಿ ಸ್ವಲ್ಪ ಹೊತ್ತಿಗೆ ಆ ಲೈನ್ ತಾನಾಗೇ ಕಟ್ ಆಗುತ್ತೆ. ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಅಳೆದು ಖಾತ್ರಿ ಮಾಡ್ಕೊಳ್ಳಿ.

ಮದ್ದೂರಿನಿಂದ:
ಇಷ್ಟೆಲ್ಲ ಯಾಕೆ ಸಾರ್? ಸರ್ವೀಸಿನವರು ಸ್ಕ್ಯಾನರ್ ಹಾಕೋ ಓಬಿಡಿ ಪೋರ್ಟಿಗೆ ಚುಚ್ಚೋ ಕೇಬಲ್ ಸಿಗುತ್ತೆ, ಐದು ನಿಮಿಷದ ಕೆಲಸ.

ಹೆಬ್ಬಾಳ, ಮೈಸೂರಿನಿಂದ:
ಸಿಗುತ್ತೆ ನಿಜ. ಆದರೆ ಆ ಪೋರ್ಟಿನ 16ನೇ ಪಿನ್‌ನಲ್ಲಿ ಕರೆಂಟ್ ಯಾವಾಗಲೂ ಇರುತ್ತೆ. ಎಸಿಸಿ ವೈರು ಇಲ್ಲದ್ದರಿಂದ ಗಾಡಿ ಆಫ್ ಆಯ್ತೋ ಇಲ್ಲವೋ ಅನ್ನೋದನ್ನ ವೋಲ್ಟೇಜ್ ನೋಡಿಯೋ ಅಲುಗಾಟ ನೋಡಿಯೋ ಊಹಿಸಬೇಕು. ಸರ್ವೀಸ್‌ಗೆ ಬಿಟ್ಟಾಗ ಸ್ಕ್ಯಾನರ್ ಹಾಕೋಕೆ ಕೇಬಲ್ ಕೀಳ್ತಾರೆ, ವಾಪಸ್ ಚುಚ್ಚೋದು ಮರೀತಾರೆ.

ಕೇಳಿದವರ ನಿಜವಾದ ಸಮಸ್ಯೆ ಬ್ಯಾಟರಿ. ಪಾರ್ಕಿಂಗ್ ಮೋಡಲ್ಲಿ ಕಾಲು ಆಂಪ್ ಅಂತಿಟ್ಟುಕೊಳ್ಳಿ. ಒಂದು ರಾತ್ರಿ, 12 ಗಂಟೆಗೆ 3 ಎಎಚ್, ಚಿಂತೆಯಿಲ್ಲ. ಮೂರು ದಿನ ನಿಂತರೆ 18 ಎಎಚ್, ಅಂದರೆ ಬ್ಯಾಟರಿಯ ಅರ್ಧ. ಮೈಸೂರಿಗೆ ಒಂದು ಗಂಟೆ ಓಡಿಸಿದ ಮಾತ್ರಕ್ಕೆ ಅದು ಪೂರ್ತಿ ತುಂಬಲ್ಲ. ಲೆಡ್-ಆಸಿಡ್ ಬ್ಯಾಟರಿ ಕೊನೇ ಭಾಗ ತುಂಬೋದು ನಿಧಾನ.

ಬ್ಯಾಟರಿ ವೋಲ್ಟೇಜ್ ಇಳಿದಾಗ ಕ್ಯಾಮರಾ ಆಫ್ ಮಾಡೋ ಕಿಟ್ಟಿನ ಕಟ್-ಆಫ್ ಸ್ವಿಚ್ 11.8 ವೋಲ್ಟಲ್ಲಿದ್ದರೆ 12.2ಕ್ಕೆ ತಿರುಗಿಸಿ. ಲೋಡ್ ಇಲ್ಲದ ಬ್ಯಾಟರಿ 12.6 ತೋರಿಸಿದರೆ ಪೂರ್ತಿ, 12.2 ಅಂದರೆ ಹೆಚ್ಚುಕಮ್ಮಿ ಅರ್ಧ. 11.8 ಅಂದರೆ ಹೆಚ್ಚುಕಮ್ಮಿ ಖಾಲಿ. 12.4 ಇನ್ನೂ ಸುರಕ್ಷಿತ, ಆದರೆ ಬ್ಯಾಟರಿ ಹಳೇದಾಗಿದ್ದರೆ ಬೇಗ ಕಟ್ ಆಗಿ ರಾತ್ರಿ ರೆಕಾರ್ಡಿಂಗೇ ಇರಲ್ಲ. ಟೈಮರ್ ಇದ್ದರೆ 8 ಗಂಟೆಗೆ ಇಡಿ, ನಿಮ್ಮ ಓಡಾಟಕ್ಕೆ ನನ್ನ ಪ್ರಕಾರ ಅದೇ ವಾಸಿ.

ಕೇಳಿದವರು:
ಅರ್ತ್ ನೇರ ಬ್ಯಾಟರಿ ಮೈನಸ್‌ಗೇ ಕೊಡಲಾ? ಕೇಬಲ್ ಹೋಗಬೇಕಾದ, ಮುಂದಿನ ಗಾಜಿನ ಪಕ್ಕದ ಕಂಬದ ಕವರ್ ಒಳಗೆ ಕರ್ಟನ್ ಏರ್‌ಬ್ಯಾಗೂ ಇದೆ, ಏನು ಮಾಡಲಿ?

ಶ್ರೀರಂಗಪಟ್ಟಣದಿಂದ:
ಮೈನಸ್ ಟರ್ಮಿನಲ್‌ಗೆ ಬೇಡ. ನಿಂತಾಗ ಎಂಜಿನ್ ತಾನಾಗೇ ಆಫ್ ಆಗೋ ಸ್ಟಾರ್ಟ್-ಸ್ಟಾಪ್ ಇರೋ ಗಾಡಿಗಳಲ್ಲಿ ಸಾಮಾನ್ಯವಾಗಿ ಅಲ್ಲಿ ಬ್ಯಾಟರಿ ಕರೆಂಟ್ ಅಳೆಯೋ ಸೆನ್ಸರ್ ಇರುತ್ತೆ, ಅದನ್ನ ಬಿಟ್ಟು ಪಕ್ಕದಿಂದ ಹೋದ ಕರೆಂಟ್ ಅದರ ಲೆಕ್ಕಕ್ಕೆ ಬರಲ್ಲ. ಡ್ಯಾಶ್ ಕೆಳಗೆ ಗಾಡಿಯ ಲೋಹದ ಮೈಗೆ ಕಚ್ಚಿರೋ ಬೋಲ್ಟ್ ಹುಡುಕಿ, ವೈರಿನ ತುದಿಗೆ ರಿಂಗ್ ಟರ್ಮಿನಲ್ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ) ಬಿಗಿಯಿರಿ. ಪೇಂಟ್ ಮೇಲೆ ಕೂತರೆ ಕ್ಯಾಮರಾ ಆಗಾಗ ರೀಸ್ಟಾರ್ಟ್ ಆಗುತ್ತೆ. ಏರ್‌ಬ್ಯಾಗಿನ ಅರ್ತ್ ಬೋಲ್ಟ್ ಬಿಟ್ಟುಬಿಡಿ.

ಕೇಬಲ್ ಏರ್‌ಬ್ಯಾಗಿನ ಹಿಂದೆ ಹೋಗಬೇಕು. ಮುಂದೆ ಅಡ್ಡ ಬಂದರೆ ಬಿಚ್ಚಿಕೊಳ್ಳುವಾಗ ತಡೆಯುತ್ತೆ. ಇರೋ ವೈರಿಂಗ್ ಕಟ್ಟಿನ ಜೊತೆಗೇ ಟೈ ಮಾಡಿ, ಬಟ್ಟೆ ಟೇಪ್ ಸುತ್ತಿ. ಕವರ್ ಕೀಳುವ ಮುಂಚೆ ಬ್ಯಾಟರಿ ಮೈನಸ್ ಬಿಚ್ಚಿ ಕೆಲವು ನಿಮಿಷ ಕಾಯಿರಿ. ಕ್ಲಿಪ್ಪು ಒಂದೇ ಸಲಕ್ಕಿರಬಹುದು, ಹೊಸದು ತಂದಿಟ್ಟುಕೊಂಡೇ ಶುರು ಮಾಡಿ. ಧೈರ್ಯ ಸಾಲದಿದ್ದರೆ ಕಂಬದ ಕೆಲಸ ಒಂದನ್ನ ಸರ್ವೀಸ್ ಸೆಂಟರಿನವರಿಗೇ ಬಿಡಿ.

ಹೆಬ್ಬಾಳ, ಮೈಸೂರಿನಿಂದ:
ಎಲ್ಲ ಮುಗಿದ ಮೇಲೆ ಕ್ಯಾಮರಾ ಕಟ್-ಆಫ್ ಆಗಿರುವಾಗ ಗಾಡಿ ಎಷ್ಟು ಕರೆಂಟ್ ಕುಡಿಯುತ್ತೆ ಅಳೆಯಿರಿ. ಮೀಟರ್ 10 ಆಂಪ್ ರೇಂಜಲ್ಲಿ, ಬ್ಯಾಟರಿ ಮೈನಸ್‌ಗೂ ಅದರ ಕೇಬಲ್‌ಗೂ ನಡುವೆ. ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಕಾದರೆ 50 ಮಿಲಿಆಂಪ್ ಒಳಗೆ ಇಳಿಯಬೇಕು. ಇಳಿಯದಿದ್ದರೆ ಕಿಟ್ಟಿನ ಟ್ಯಾಪ್ ಒಂದೊಂದಾಗಿ ಕಿತ್ತು ನೋಡಿ. ಮೀಟರ್ ಸಿಕ್ಕಿಸಿರುವಾಗ ಮಾತ್ರ ಯಾರೂ ಸ್ಟಾರ್ಟ್ ಮಾಡಬಾರದು, ಮೀಟರಿನ ಫ್ಯೂಸೇ ಹಾರುತ್ತೆ.