ಸಿಪ್ಯಾಪ್ ಮಷೀನಿನ ನೀರಿನ ಡಬ್ಬಿ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಡಾಕ್ಟರ್, ಹಾಸನ: ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವ ತೊಂದರೆಗೆ ಸಿಪ್ಯಾಪ್, ಅಂದರೆ ಪೈಪು, ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಮಷೀನು, ಹಾಕಿಕೊಳ್ಳುವವರು ಈ ಗುಂಪಿನಲ್ಲಿ ಸುಮಾರು ಜನ ಇದ್ದೀರಿ. ಚಳಿ ಶುರುವಾದ ಮೇಲೆ ಎಲ್ಲರದ್ದೂ ಒಂದೇ ರಗಳೆ, ಅದರ ಹ್ಯುಮಿಡಿಫೈಯರ್, ಅಂದರೆ ಆ ಗಾಳಿಗೆ ತೇವ ಕೊಡುವ ಬಿಸಿನೀರಿನ ಡಬ್ಬಿ. ಈಗಷ್ಟೇ ಓಪಿಡಿ ಮುಗಿಯಿತು. ಊಟಕ್ಕೆ ಕರೆಯುವ ತನಕ ಇರುತ್ತೇನೆ, ಕೇಳಿ.

ಹಾಸನದ ಮೇಷ್ಟ್ರು: ನಮಸ್ಕಾರ ಸಾರ್. ಯಾವ ನೀರು ಹಾಕಬೇಕು? ನಮ್ಮ ಮನೆಗೆ ಹೇಮಾವತಿ ನೀರು ಬರುತ್ತದೆ, ಕಾಯಿಸಿ ಆರಿಸಿ ಹಾಕುತ್ತೇನೆ. ಆದರೂ ಡಬ್ಬಿ ತಳದಲ್ಲಿ ಬಿಳಿ ಪುಡಿ ಕೂರುತ್ತದೆ.

ಡಾಕ್ಟರ್: ನಮಸ್ಕಾರ ಮೇಷ್ಟ್ರೇ. ಡಿಸ್ಟಿಲ್ಡ್ ವಾಟರ್ ಹಾಕಿ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಸುಣ್ಣ ಎಲ್ಲಿಗೆ ಹೋಗಬೇಕು? ಆವಿಯಾಗುವುದು ನೀರು ಮಾತ್ರ. ಬಚ್ಚಲ ಹಂಡೆಯ ಒಳಗೆ ಕೈ ಹಾಕಿ ನೋಡಿ, ಅದೇ ಪುಡಿ. ವಾರಕ್ಕೊಮ್ಮೆ ಒಂದು ಪಾಲು ಬಿಳಿ ವಿನಿಗರ್‌ಗೆ ಹತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆಯಿರಿ. ಉಳಿದ ದಿನ ಸೋಪಿನ ನೀರು ಸಾಕು. ರಾತ್ರಿ ಉಳಿದ ನೀರನ್ನು ಬೆಳಿಗ್ಗೆ ಚೆಲ್ಲಿಬಿಡಿ. ಅದರ ಮೇಲೇ ಹೊಸದು ತುಂಬಿಸಬೇಡಿ.

ಅರಸೀಕೆರೆ ಅಪ್ಪ: ನಮ್ಮ ಕಡೆ ಬೋರ್ ನೀರು, ಕಲ್ಲಿನ ಥರ ಗಡಸು. ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುತ್ತಲ್ಲ, ಅದು ಆಗುತ್ತಾ?

ಡಾಕ್ಟರ್: ಅದು ಬ್ಯಾಟರಿಗೆ. ನೀವು ಬ್ಯಾಟರಿ ಅಲ್ಲ. ಮೆಡಿಕಲ್ ಶಾಪಿನಲ್ಲಿ ಸೀಲ್ ಇರುವುದನ್ನು ತರಿಸಿಕೊಳ್ಳಿ.

ಕಡೂರು ಫಿಲ್ಟರ್: ಆರ್‌ಓ ನೀರು ಇದ್ದರೆ ಡಿಸ್ಟಿಲ್ಡ್ ಯಾಕೆ ಬೇಕು, ಸುಮ್ನೆ ದುಡ್ಡು ದಂಡ. ನಾನು ಎರಡು ವರ್ಷದಿಂದ ಅದನ್ನೇ ಹಾಕ್ತಾ ಇದೀನಿ.

ಅರಸೀಕೆರೆ ಅಪ್ಪ: ನೀವು ಫಿಲ್ಟರ್ ಮಾರುವವರು, ಹಾಗೇ ಹೇಳ್ತೀರಿ.

ಕಡೂರು ಫಿಲ್ಟರ್: ಮಾರಿದರೆ ತಪ್ಪಾ? ನಿಮ್ಮೂರಿನ ನೀರಿಗೆ ಫಿಲ್ಟರ್ ಹಾಕಿಸಿದ್ದೂ ನಾವೇ.

ಡಾಕ್ಟರ್: ಆರ್‌ಓದಲ್ಲಿ ಲವಣ ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಂದೆರಡು ದಿನ ಡಿಸ್ಟಿಲ್ಡ್ ಸಿಗದಿದ್ದರೆ ಹಾಕಿ, ತೊಂದರೆ ಇಲ್ಲ. ಇಷ್ಟಕ್ಕೆ ಮುಗಿಸಿ.

ಮೂಡಿಗೆರೆ ಮಗಳು: ಸಾರ್, ನಮ್ಮ ಚಿಕ್ಕಪ್ಪನ ವಿಷಯ. 54 ವರ್ಷ. ಪಿಕಪ್ ಓಡಿಸುತ್ತಾರೆ, ವಾರಕ್ಕೆ ಮೂರು ಸಲ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆಗೆ ಹೋಗಿ ಬರುತ್ತಾರೆ. ನಿದ್ದೆ ಪರೀಕ್ಷೆಯಲ್ಲಿ ಗಂಟೆಗೆ 46 ಸಲ ಉಸಿರಿಗೆ ಅಡ್ಡಿ ಅಂತ ಬಂತು. ಮಷೀನು ತಂದ ಮೇಲೆ ಎರಡು ತಿಂಗಳು ಚೆನ್ನಾಗಿದ್ದರು. ಚಳಿ ಬಿದ್ದ ಮೇಲೆ ಪೈಪಿನಲ್ಲಿ ಗುಳುಗುಳು ಸದ್ದು, ಒಂದು ರಾತ್ರಿ ಮಾಸ್ಕಿನೊಳಗೆ ನೀರು ಬಂದು ಮೂಗಿಗೇ ಹೊಡೀತಂತೆ. ಹೊಳೆಯಲ್ಲಿ ಮುಳುಗಿದ ಹಾಗಾಯ್ತು ಅಂತ ಎದ್ದು ಕೂತರು. ಅವತ್ತಿಂದ 12 ದಿನ ಆಯ್ತು, ಮುಟ್ಟಿಲ್ಲ. ಹಂಚಿನ ಮನೆ, ಮಷೀನು ಮಂಚದ ಮೇಲಿನ ಶೆಲ್ಫಿನಲ್ಲಿದೆ. ಹ್ಯುಮಿಡಿಫೈಯರ್ 8ಕ್ಕೆ ಇಟ್ಟಿದ್ದರು. ನಿನ್ನೆ ಘಾಟಿಯ ತಿರುವಿನಲ್ಲಿ ತೂಕಡಿಸಿದರು ಅಂತ ಜೊತೆಗಿದ್ದ ಹುಡುಗ ಹೇಳಿದ. ಚಿಕ್ಕಪ್ಪ ಒಪ್ಪಲ್ಲ.

ಚಿಕ್ಕಮಗಳೂರು ಸೊಸೆ: ಸಾರ್, ಇನ್ಶೂರೆನ್ಸಿನಲ್ಲಿ ಮಷೀನಿನ ದುಡ್ಡು ಸಿಗುತ್ತಾ?

ಡಾಕ್ಟರ್: ಮೂಡಿಗೆರೆಯವರೇ, ಮೊದಲು ಗಾಡಿಯ ಕೀಲಿ ತೆಗೆದಿಟ್ಟುಕೊಳ್ಳಿ. ಆಮೇಲೆ ಪೈಪಿನ ಮಾತು.

30ರ ಮೇಲೆ ಬಂದರೇ ತೀವ್ರ ಅನ್ನುತ್ತೇವೆ. 46 ಅಂದರೆ ಹೆಚ್ಚು ಕಡಿಮೆ 80 ಸೆಕೆಂಡಿಗೊಂದು ಸಲ. ಪ್ರತಿ ಸಲವೂ ಮೆದುಳು ಅರ್ಧ ಎದ್ದು ಗಂಟಲು ಬಿಡಿಸಿಕೊಳ್ಳುತ್ತದೆ, ಅವರಿಗೆ ಅದು ನೆನಪೇ ಇರುವುದಿಲ್ಲ. ಚೆನ್ನಾಗಿ ಮಲಗಿದ್ದೆ ಅಂತಲೇ ಹೇಳುತ್ತಾರೆ. ತೂಕಡಿಸಿದ್ದನ್ನು ಒಪ್ಪದಿರುವುದೂ ಇದೇ ಕಾಯಿಲೆಯ ಒಂದು ಭಾಗ ಅಂದುಕೊಳ್ಳಿ. ಎರಡು ತಿಂಗಳು ಹಾಕಿದ್ದೇನೆ, ವಾಸಿ ಆಯ್ತು ಅನ್ನುವ ಹಾಗಿಲ್ಲ. ಮಷೀನು ಬಿಟ್ಟ ಒಂದೆರಡು ರಾತ್ರಿಯಲ್ಲೇ ಎಲ್ಲ ವಾಪಸ್ ಬರುತ್ತದೆ.

ಈಗ ನೀರು. ಅದು ಮಷೀನಿನ ದೋಷ ಅಲ್ಲ. ಡಬ್ಬಿಯಿಂದ ಬೆಚ್ಚಗಿನ ಒದ್ದೆ ಗಾಳಿ ಹೊರಡುತ್ತದೆ, ಹಂಚಿನ ಮನೆಯ ಥಂಡಿಗೆ ಪೈಪು ತಣ್ಣಗಿರುತ್ತದೆ. ಅನ್ನದ ಪಾತ್ರೆಯ ಮುಚ್ಚಳ ಎತ್ತಿದಾಗ ಒಳಗಡೆ ಹನಿ ಕಟ್ಟಿರುತ್ತಲ್ಲ, ಅದೇ. ಮಷೀನು ಶೆಲ್ಫಿನ ಮೇಲೆ, ಮೂಗು ಕೆಳಗೆ. ನೀರು ಎಲ್ಲಿಗೆ ಇಳಿಯಬೇಕು? ಇವತ್ತೇ ಮಷೀನನ್ನು ಹಾಸಿಗೆಗಿಂತ ಕೆಳಗೆ, ಗಿಡ್ಡ ಸ್ಟೂಲಿನ ಮೇಲೆ ಇಡಿ. ಎತ್ತುವ ಮೊದಲು ಡಬ್ಬಿ ಖಾಲಿ ಮಾಡಿ, ಇಲ್ಲದಿದ್ದರೆ ನೀರು ಮೋಟರಿಗೆ ಹೋಗುತ್ತದೆ. 8 ಇರುವುದನ್ನು 3ಕ್ಕೆ ಇಳಿಸಿ. ಪೈಪಿಗೆ ಹಳೇ ಸ್ವೆಟರಿನ ತೋಳು ತೊಡಿಸಿ, ಇಲ್ಲವೇ ಕಂಬಳಿಯೊಳಗೆ ಹಾಯಿಸಿ. ಕೆಲವು ಮಷೀನಿಗೆ ಬಿಸಿಯಾಗುವ ಪೈಪೇ ಬರುತ್ತದೆ, ಅವರದ್ದಕ್ಕೆ ಕೂರುತ್ತದಾ ಕೇಳಿ. 3ರಲ್ಲಿ ಮೂಗು ಒಣಗಿದರೆ ದಿನಕ್ಕೊಂದೊಂದು ಏರಿಸಿ.

ಅಷ್ಟಾದರೂ ಹೆದರಿದರೆ ಇವತ್ತು ರಾತ್ರಿ ನೀರೇ ಬೇಡ, ಹ್ಯುಮಿಡಿಫೈಯರ್ ಬಂದ್ ಮಾಡಿ ಬರೀ ಗಾಳಿಯಲ್ಲಿ ಮಲಗಲಿ. ಔಷಧಿ ಅಂದರೆ ಆ ಗಾಳಿಯ ಒತ್ತಡ. ನೀರು ಬರೀ ಹಿತಕ್ಕೆ. ಮೂಗು ಒಣಗಿದರೆ ಒಣಗಲಿ. ಮಷೀನಿನಲ್ಲಿ ಮೆಮೊರಿ ಕಾರ್ಡ್ ಇದ್ದರೆ ತನ್ನಿ, ಎಷ್ಟು ಗಂಟೆ ಹಾಕಿದ್ದಾರೆ, ಗಾಳಿ ಎಷ್ಟು ಸೋರಿದೆ, ಎಲ್ಲ ಅದರಲ್ಲಿರುತ್ತದೆ.

ಬೇಲೂರು ಬಂಧು: ಫಾರ್ವರ್ಡ್ ಆಗಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ: "ಉಸಿರಾಟದ ಮಷೀನಿನ ನೀರಿಗೆ ಎರಡು ಹನಿ ನೀಲಗಿರಿ ಎಣ್ಣೆ, ಚಿಟಿಕೆ ಕರ್ಪೂರ ಹಾಕಿ. ಕಫ ಕರಗುತ್ತದೆ, ಮೂರೇ ವಾರದಲ್ಲಿ ಮಷೀನು ಬಿಡಬಹುದು." 🙏

ಡಾಕ್ಟರ್: ದಯವಿಟ್ಟು ಯಾರೂ ಹಾಕಬೇಡಿ. ಆ ಡಬ್ಬಿಗೆ ನೀರು ಬಿಟ್ಟು ಏನೂ ಹಾಕಬಾರದು. ನೀಲಗಿರಿ ಬೇಡ, ಕರ್ಪೂರ ಬೇಡ, ತುಳಸಿ ಬೇಡ, ವಿಕ್ಸ್ ಬೇಡ. ಶ್ವಾಸನಾಳ ಕೆರಳುತ್ತದೆ, ದಮ್ಮು ಇರುವವರಿಗೆ ಉಸಿರು ಹಿಡಿದುಕೊಳ್ಳುತ್ತದೆ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ನ್ಯುಮೋನಿಯಾ ಆಗಬಹುದು. ಡಬ್ಬಿಯ ಪ್ಲಾಸ್ಟಿಕ್ಕೂ ಹಾಳು.

ಬೇಲೂರು ಬಂಧು: ನಮ್ಮಜ್ಜಿ ನೀಲಗಿರಿ ಹಬೆ ತೊಗೊಂಡು 90 ವರ್ಷ ಬದುಕಿದರು.

ಡಾಕ್ಟರ್: ನಿಮ್ಮಜ್ಜಿ ಪಾತ್ರೆ ಮುಂದೆ ಐದು ನಿಮಿಷ ಕೂತಿದ್ದರು. ಮುಖಕ್ಕೆ ಮಾಸ್ಕ್ ಬಿಗಿದುಕೊಂಡು ಒತ್ತಡದ ಗಾಳಿಯಲ್ಲಿ ಏಳು ಗಂಟೆ ಎಳೆದುಕೊಂಡಿರಲಿಲ್ಲ.

ಕಡೂರು ಫಿಲ್ಟರ್: ಬಂಧುಗಳೇ, ಹೋದ ತಿಂಗಳು ಶುಗರಿಗೆ ಬೆಂಡೆಕಾಯಿ ನೀರು ಕಳಿಸಿದ್ದೂ ನೀವೇ ಅಲ್ವಾ?

ಬೇಲೂರು ಬಂಧು: ಬೇಕಾದವರು ತೊಗೊಳ್ಳಿ, ಬೇಡದವರು ಬಿಡಿ. ನಿಮ್ಮ ಹಾಗೆ ಇಲ್ಲಿ ಫಿಲ್ಟರ್ ಮಾರೋಕೆ ಬಂದಿಲ್ಲ.

ಅರಸೀಕೆರೆ ಅಪ್ಪ: ಅದು ಮಾತ್ರ ನಿಜ.

ಸಕಲೇಶಪುರ ಏಲಕ್ಕಿ: ಕರೆಂಟ್ ಹೋದರೆ ಇನ್ವರ್ಟರ್ ಬೆಳಗಿನ ತನಕ ಬರಲ್ಲ ಸಾರ್.

ಡಾಕ್ಟರ್: ಕರೆಂಟ್ ಜಾಸ್ತಿ ತಿನ್ನುವುದು ನೀರು ಕಾಯಿಸುವ ಹೀಟರ್. ಅದನ್ನು ಬಂದ್ ಮಾಡಿ, ಮಷೀನು ಓಡಲಿ.

ಹೊಳೆನರಸೀಪುರ ಹುಡುಗ: ಹ್ಯುಮಿಡಿಫೈಯರ್ ಫುಲ್ ಇಟ್ಟರೂ ಬೆಳಿಗ್ಗೆ ಅಪ್ಪನ ಬಾಯಿ ಒಣಗಿ ಅಂಟಿಕೊಂಡಿರುತ್ತದೆ. ಓಜೋನ್ ಅನಿಲದಿಂದ ಕ್ರಿಮಿ ಕೊಲ್ಲುವ ಪೆಟ್ಟಿಗೆ ಬರುತ್ತಲ್ಲ, ಅದರಲ್ಲಿ ಮಷೀನು ಕ್ಲೀನ್ ಮಾಡಿದರೆ ಸರಿ ಹೋಗುತ್ತಾ?

ಡಾಕ್ಟರ್: ಬಾಯಿ ತೆರೆದು ಮಲಗುತ್ತಾರೆ, ಗಾಳಿ ಅಲ್ಲಿಂದ ಸೋರುತ್ತಿದೆ. ಕೊಡಗಟ್ಟಲೆ ನೀರು ಹಾಕಿದರೂ ಅಷ್ಟೇ. ಮೂಗು ಕಟ್ಟಿದೆಯಾ ತೋರಿಸಿ, ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕ್ ಬೇಕಾಗಬಹುದು. ಓಜೋನ್ ಬೇಡ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಎಚ್ಚರಿಕೆ ಕೊಟ್ಟಿದೆ.

ಆಲೂರು ಗೆಳೆಯ: ಸಾರ್ ಕಾಯಿಸಿದ ನೀರು ಹಾಕಬಹುದಾ?

ಡಾಕ್ಟರ್: ಮೇಲೆ ಓದಿ.

ಆಲೂರು ಗೆಳೆಯ: ಓದಿದೆ ಸಾರ್, ತುಂಬಾ ಉದ್ದ ಇದೆ.

ಚಿಕ್ಕಮಗಳೂರು ಸೊಸೆ: ಇನ್ಶೂರೆನ್ಸ್ ಸಾರ್??

ಬೇಲೂರು ಬಂಧು: ಇಂಗ್ಲಿಷ್ ಔಷಧಿಯವರಿಗೆ ನಮ್ಮ ಮನೆಮದ್ದು ಅಂದ್ರೆ ಅಲರ್ಜಿ. ನಾನು ಗುಂಪು ಬಿಡ್ತೀನಿ.

ಕಡೂರು ಫಿಲ್ಟರ್: ಹೋದ ತಿಂಗಳೂ ಬಿಟ್ಟಿದ್ರಿ.

ಡಾಕ್ಟರ್: ಊಟಕ್ಕೆ ಮೂರನೇ ಸಲ ಕರೆದರು. ಮೂಡಿಗೆರೆಯವರೇ, ಕೀಲಿ?

ಮೂಡಿಗೆರೆ ಮಗಳು: ಅಕ್ಕಿ ಡಬ್ಬದಲ್ಲಿ ಇಟ್ಟಿದೀನಿ ಸಾರ್. ಮಷೀನು ಸ್ಟೂಲ್ ಮೇಲೆ ಇಟ್ವಿ, ಪೈಪಿಗೆ ಸ್ವೆಟರ್ ತೋಳು ಹಾಕಿದ್ವಿ. ನಾಳೆ ಮೆಣಸಿನ ಲೋಡು ಯಾರು ಇಳಿಸ್ತಾರೆ ಅಂತ ಕೂಗಾಡ್ತಾ ಇದಾರೆ.

ಡಾಕ್ಟರ್: ಕೂಗಾಡಲಿ. ಲೋಡಿಗೆ ಬೇರೆ ಡ್ರೈವರ್ ನೋಡಿ. ಶುಕ್ರವಾರ ಬಸ್ಸಿನಲ್ಲಿ ಕರೆದುಕೊಂಡು ಬನ್ನಿ, ಕಾರ್ಡ್ ಮರೆಯಬೇಡಿ.