ಲೇಟೆಕ್ಸ್ ಹಾಸಿಗೆಗೆ ಎಂಥ ಮಂಚ ಸರಿ? ಬಳಸಿದವರು ತಿಳಿಸಿ

ಪ್ರಶ್ನೆ

ಸ್ಪ್ರಿಂಗ್ ಹಾಸಿಗೆ ಹಳತಾಯಿತೆಂದು ಲೇಟೆಕ್ಸ್ ಹಾಸಿಗೆ ತಂದಿದ್ದೇವೆ. 200 ಸೆಂ.ಮೀ. ಉದ್ದ, 150 ಸೆಂ.ಮೀ. ಅಗಲ, 20 ಸೆಂ.ಮೀ. ದಪ್ಪ. ಮೊದಲಿದ್ದ ಮರದ ಮಂಚಕ್ಕೇ ಹಾಕಿದೆವು. ಅಂಗಡಿಯಲ್ಲಿ ಮಲಗಿ ನೋಡಿದಾಗ ಇದ್ದ ಬಿಗಿ ಮನೆಯಲ್ಲಿ ಇಲ್ಲ. ರಾತ್ರಿ ಇಬ್ಬರೂ ನಡುವಿಗೆ ಜಾರುತ್ತೇವೆ, ಬೆಳಗ್ಗೆ ಏಳುವಾಗ ನಮ್ಮವರಿಗೆ ಸೊಂಟ ಹಿಡಿದುಕೊಂಡಿರುತ್ತದೆ. ಹಾಸಿಗೆಯನ್ನೇ ವಾಪಸು ಕೊಡಬೇಕೇ, ಮಂಚ ಬದಲಿಸಿದರೆ ಸಾಕೇ? ಅಡ್ಡಪಟ್ಟಿಗಳ ಮಂಚ ಒಳ್ಳೆಯದೋ, ಪೂರ್ತಿ ಹಲಗೆ ಬಡಿದದ್ದೋ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮರಗೆಲಸ ಮಾಡುವವರೊಬ್ಬರು

ವಾಪಸು ಕೊಡುವ ಮಾತು ಈಗಲೇ ಬೇಡ. ನೆಲವನ್ನು ಒರೆಸಿ ಚೆನ್ನಾಗಿ ಒಣಗಲು ಬಿಟ್ಟು, ಒಂದು ಬಟ್ಟೆ ಹಾಸಿ, ಹಾಸಿಗೆಯನ್ನು ಅದರ ಮೇಲೆ ಹಾಕಿಕೊಂಡು ಎರಡು ಮೂರು ರಾತ್ರಿ ಮಲಗಿ. ಬಿಗಿ ಮರಳಿ ಬಂದರೆ ದೋಷ ಮಂಚದ್ದು. ನೆಲದ ಮೇಲೂ ನಡು ತಗ್ಗಿದರೆ ಹಾಸಿಗೆಯದ್ದು. ಹಗಲು ಹೊತ್ತು ಅದನ್ನು ಗೋಡೆಗೆ ಒರಗಿಸಿಡಿ, ತಳಕ್ಕೆ ಗಾಳಿಯಾಡಲಿ.

ಆಮೇಲೆ ಖಾಲಿ ಮಂಚವನ್ನು ನೋಡಿ. ಒಂದು ದಾರವನ್ನು ಮಂಚದ ಈ ಬದಿಯಿಂದ ಆ ಬದಿಗೆ, ಪಟ್ಟಿಯ ಮೇಲೆಯೇ ಬಿಗಿಯಾಗಿ ಎಳೆದು ಹಿಡಿಯಿರಿ. ಒಬ್ಬರು ನಡುವಿನ ಪಟ್ಟಿಗಳ ಮೇಲೆ ಮೆಲ್ಲಗೆ ಕುಳಿತುಕೊಳ್ಳಲಿ. ದಾರಕ್ಕೂ ಮರಕ್ಕೂ ನಡುವೆ ಬೆರಳು ತೂರಿದರೆ ನಿಮ್ಮ ಸೊಂಟನೋವಿನ ಮೂಲ ಅಲ್ಲೇ ಇದೆ. ಮಂಚ ಕೊಳ್ಳಲು ಹೋದಾಗಲೂ ದಾರ ಜೇಬಿನಲ್ಲಿರಲಿ. ಮೇಲಿನ ಹೊಳಪು ನೋಡುವವರು ಬಹಳ, ಬಗ್ಗಿ ಕೆಳಗೆ ನೋಡುವವರು ಕಡಿಮೆ.

ಹಳೆಯ ಸ್ಪ್ರಿಂಗ್ ಹಾಸಿಗೆಗೆ ಇದೇ ಮಂಚ ಸಾಕಾಗಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಸ್ಪ್ರಿಂಗ್ ಹಾಸಿಗೆಯ ಒಳಗೆ ತಂತಿಯ ಹೆಣಿಗೆ ಇರುತ್ತದೆ, ಸಂದಿನ ಮೇಲೆ ಅದು ತನ್ನನ್ನು ತಾನೇ ಸ್ವಲ್ಪ ಮಟ್ಟಿಗೆ ಹಿಡಿದುಕೊಳ್ಳುತ್ತದೆ. ಲೇಟೆಕ್ಸ್‌ಗೆ ಅಂಥ ಎಲುಬು ಇಲ್ಲ. ಕೆಳಗೆ ಯಾವ ಆಕಾರ ಇದೆಯೋ ಅದನ್ನೇ ತಾನೂ ತಳೆಯುತ್ತದೆ. ಮೇಲಾಗಿ ಭಾರ. ನಿಮ್ಮ ಹಾಸಿಗೆಯ ಗಾತ್ರ 0.6 ಘನ ಮೀಟರ್. ಘನ ಮೀಟರಿಗೆ 80 ಕೆ.ಜಿ. ಸಾಂದ್ರತೆಯ ಲೇಟೆಕ್ಸ್ ಎಂದುಕೊಂಡರೆ ಹಾಸಿಗೆಯೊಂದೇ 48 ಕೆ.ಜಿ. ಇಬ್ಬರು ಮಲಗಿದಾಗ ಮಂಚ ಎಷ್ಟು ಹೊರಬೇಕೆಂದು ನೀವೇ ಕೂಡಿಸಿ.

ಪಟ್ಟಿಗಳ ಮಂಚವನ್ನೇ ನಾನು ಹೇಳುವುದು, ಆದರೆ ಮೂರು ವಿಷಯದಲ್ಲಿ ರಾಜಿ ಬೇಡ. ಪಟ್ಟಿಗಳು ನೇರವಾಗಿರಲಿ, ಬಾಗದಿರಲಿ. ನಡುವಿನ ಸಂದು 7.5 ಸೆಂ.ಮೀ. ದಾಟಬಾರದು, 5ರಿಂದ 6 ಇದ್ದರೆ ಉತ್ತಮ. 200 ಸೆಂ.ಮೀ. ಉದ್ದಕ್ಕೆ 7 ಸೆಂ.ಮೀ. ಅಗಲದ 16 ಪಟ್ಟಿ ಜೋಡಿಸಿದರೆ ಸಂದು 6ಕ್ಕಿಂತ ಒಂದು ಕೂದಲು ಕಡಿಮೆ ಬರುತ್ತದೆ. ಮೂರನೆಯದು ನಡುತೊಲೆ, ಅದಕ್ಕೆ ನೆಲ ಮುಟ್ಟುವ ಕಾಲು. ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. 150 ಸೆಂ.ಮೀ. ಪಟ್ಟಿಗೆ ನಡುವೆ ಆಸರೆ ಕೊಟ್ಟರೆ ಅದು 75 ಸೆಂ.ಮೀ.ಯ ಎರಡು ಪಟ್ಟಿಗಳ ಹಾಗೆ ಕೆಲಸ ಮಾಡುತ್ತದೆ. ಅಷ್ಟೇ ಭಾರಕ್ಕೆ ಪಟ್ಟಿ ಬಾಗುವುದು ಉದ್ದದ ಘನಕ್ಕೆ ತಕ್ಕಂತೆ. ಉದ್ದ ಅರ್ಧವಾದರೆ ಬಾಗು ಸುಮಾರು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದುಬಾರಿ ಮರ ಕೊಡಲಾರದ ಬಲವನ್ನು ಒಂದು ಕಾಲು ಕೊಡುತ್ತದೆ.

ಸಾಮಾನು ಪೆಟ್ಟಿಗೆಯ ಮಂಚ ಬಳಸುವವರು

ಪೂರ್ತಿ ಹಲಗೆಯ ಬಗ್ಗೆ ನಾನು ಹೇಳುತ್ತೇನೆ. ನಮ್ಮದು ಕೆಳಗೆ ಸಾಮಾನು ತುಂಬುವ, ಮೇಲೆತ್ತುವ ಮಂಚ, ಪ್ಲೈವುಡ್ ತಳ. ಬಿಗಿಯ ವಿಷಯದಲ್ಲಿ ಇದನ್ನು ಮೀರಿಸಲು ಆಗದು. ತೊಂದರೆ ತೇವದ್ದು. ಮೈಯ ಬೆವರಿನ ಆವಿ ಹಾಸಿಗೆಯ ಮೂಲಕ ಕೆಳಗಿಳಿದು ತಣ್ಣನೆಯ ಹಲಗೆಯ ಬಳಿ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಒಮ್ಮೆ ಹಾಸಿಗೆ ಎತ್ತಿ ನೋಡಿದರೆ, ಸರಿಯಾಗಿ ನಾವು ಮಲಗುವ ಎರಡು ಜಾಗಗಳಲ್ಲಿ ಬೂದು ಬಣ್ಣದ ಚುಕ್ಕೆಗಳು, ಮುಗ್ಗಲು ವಾಸನೆ. ಬೂಷ್ಟು ಹತ್ತಿದ್ದು ಹೊದಿಕೆಯ ಬಟ್ಟೆಗೆ, ಒಳಗಿನ ಲೇಟೆಕ್ಸ್‌ಗೆ ಏನೂ ಆಗಿರಲಿಲ್ಲ.

ಪ್ಲೈವುಡ್‌ಗೆ ಅಂಗೈ ಅಗಲಕ್ಕೊಂದರಂತೆ ಹೆಬ್ಬೆರಳು ಹೋಗುವಷ್ಟು ತೂತು ಕೊರೆಸಿದೆವು, ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿಸಿದೆವು. ಮೇಲೆ ಗಾಳಿಯಾಡುವ ತೆಂಗಿನ ನಾರಿನ ತೆಳು ಚಾಪೆ ಹಾಸಿದೆವು. ಆಮೇಲೆ ಬೂಷ್ಟು ಬಂದಿಲ್ಲ. ಆದರೆ ಕೆಳಗಿನ ಪೆಟ್ಟಿಗೆಯಲ್ಲಿ ಬಟ್ಟೆಬರೆ ಕಿಕ್ಕಿರಿದಿದ್ದರೆ ತೂತು ಇದ್ದೂ ಇಲ್ಲದಂತೆ, ಇದನ್ನು ಮರೆಯಬೇಡಿ. ಇನ್ನೊಂದು ವಿಷಯ: ಎತ್ತುವ ಗ್ಯಾಸ್ ಪಿಸ್ಟನ್‌ಗಳನ್ನು ಹಗುರ ಹಾಸಿಗೆಗೆಂದು ಹಾಕಿರುತ್ತಾರೆ. ಲೇಟೆಕ್ಸ್ ಇಟ್ಟರೆ ಮುಚ್ಚಳ ಮೇಲೆ ನಿಲ್ಲದೆ ಕೆಳಗಿಳಿಯಬಹುದು, ಕೈ ಸಿಕ್ಕಿಕೊಂಡರೆ ದೊಡ್ಡ ಅಪಾಯ. ಕೊಳ್ಳುವಾಗಲೇ ಹಾಸಿಗೆಯ ತೂಕ ಹೇಳಿ, ಅದಕ್ಕೆ ತಕ್ಕ ಪಿಸ್ಟನ್ ಹಾಕಿಸಿ.

ಬಾಗುಪಟ್ಟಿ ಇಷ್ಟಪಡುವವರು

ಪಟ್ಟಿ ಬಾಗಲೇಬಾರದು ಎಂಬುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮೇಲಕ್ಕೆ ಕಮಾನಿನಂತೆ ಉಬ್ಬಿದ, ತೆಳು ಮರದ ಪದರಗಳನ್ನು ಅಂಟಿಸಿ ಮಾಡಿದ ಪಟ್ಟಿಗಳು ನಮ್ಮಲ್ಲಿವೆ. ನಾನು ಮಗ್ಗುಲಾಗಿ ಮಲಗುವವಳು, ಭುಜಕ್ಕೆ ಇದು ಹಿತ. ಒಬ್ಬರು ಮಲಗುವ ಕಿರಿದಾದ ಮಂಚ, ಪಟ್ಟಿಗಳೂ ಹತ್ತಿರ ಹತ್ತಿರ ಇವೆ, ಆದ್ದರಿಂದ ನಡೆಯುತ್ತಿದೆ. ಆದರೆ ಪ್ರಶ್ನೆ ಕೇಳಿದವರ ಮನೆಯಲ್ಲಿ ಈಗಾಗಲೇ ಸೊಂಟನೋವಿದೆ, ಇಬ್ಬರು ಮಲಗುತ್ತಾರೆ. ಅವರಿಗೆ ನೇರ ಪಟ್ಟಿಯೇ ಸರಿ ಎನ್ನುವುದರಲ್ಲಿ ನನಗೂ ಎರಡು ಮಾತಿಲ್ಲ.

ತಲೆಕಡೆ ಏಳುವ ಮೋಟಾರು ಮಂಚಕ್ಕೂ ಲೇಟೆಕ್ಸ್ ಚೆನ್ನಾಗಿ ಬಗ್ಗುತ್ತದೆ, ಬೇಕಿದ್ದವರು ಕೊಳ್ಳಬಹುದು. ಒಳಗೆ ಸ್ಪ್ರಿಂಗ್ ಇರುವ ಅಡಿಪೆಟ್ಟಿಗೆಯ ಮೇಲೆ ಮಾತ್ರ ಇದನ್ನು ಇಡಲೇಬೇಡಿ.

ಇನ್ನೊಬ್ಬರು

ಹಾಸಿಗೆ ತಂದ ಕಾಗದಗಳನ್ನು ತೆಗೆದು ಓದಿ. ವಾರಂಟಿಯಲ್ಲಿ ಸಂದು ಇಷ್ಟಕ್ಕಿಂತ ಹೆಚ್ಚಿರಬಾರದು, ನಡುವೆ ಆಸರೆ ಇರಬೇಕು ಎಂದು ಹಲವು ತಯಾರಕರು ಬರೆದಿರುತ್ತಾರೆ. ಮಂಚ ಸರಿಪಡಿಸಿದ ಮೇಲೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ತೇವವಾಯಿತೆಂದು ಹಾಸಿಗೆಯನ್ನು ಬಿಸಿಲಿಗೆ ಹಾಕಬೇಡಿ, ಬಿಸಿಲಿಗೆ ಲೇಟೆಕ್ಸ್ ಗಡುಸಾಗಿ ಪುಡಿಪುಡಿಯಾಗುತ್ತದೆ. ನೆರಳಿನಲ್ಲಿ, ಗಾಳಿ ಇರುವ ಕಡೆ ಒಣಗಿಸಿ. ಒಬ್ಬರೇ ಮೂಲೆ ಹಿಡಿದು ಎಳೆಯಲೂ ಬೇಡಿ, ತನ್ನ ಭಾರಕ್ಕೆ ತಾನೇ ಹರಿಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನೆಲದ ಮೇಲೆ ಮಲಗಿದೆವು, ಅಂಗಡಿಯ ಬಿಗಿ ಹಾಗೆಯೇ ಸಿಕ್ಕಿತು, ಅವರಿಗೆ ಸೊಂಟವೂ ಹಗುರ. ದಾರ ಹಿಡಿದು ನೋಡಿದರೆ ನಡುವೆ ಎರಡು ಬೆರಳು ತೂರುತ್ತವೆ. ಮಂಚದಲ್ಲಿ ಇರುವುದು 8 ಸೆಂ.ಮೀ. ಅಗಲದ 10 ಪಟ್ಟಿ, ಸಂದು 13 ಸೆಂ.ಮೀ. ಹತ್ತಿರ. ನಡುತೊಲೆ ಇಲ್ಲವೇ ಇಲ್ಲ. ಚೌಕಟ್ಟು ಗಟ್ಟಿ ಮರದ್ದು, ಎಸೆಯಲು ಮನಸ್ಸಿಲ್ಲ. ಇದನ್ನೇ ಸರಿಪಡಿಸಬಹುದೇ? ಮೇಲೆ ಒಂದು ಪ್ಲೈವುಡ್ ಹಾಕಿಬಿಟ್ಟರೆ?

ಮರಗೆಲಸ ಮಾಡುವವರೊಬ್ಬರು

ಎಸೆಯಬೇಡಿ, ಚೌಕಟ್ಟು ಗಟ್ಟಿಯಿದ್ದರೆ ಅರ್ಧ ಕೆಲಸ ಆದ ಹಾಗೆಯೇ. ಬರೀ ಪ್ಲೈವುಡ್ ಹಾಕಿದರೆ ಸಂದು ಮುಚ್ಚುತ್ತದೆ, ಆದರೆ ಬಾಗುವ ಪಟ್ಟಿಯ ಜೊತೆ ಅದೂ ಬಾಗುತ್ತದೆ, ಗಾಳಿಯೂ ನಿಲ್ಲುತ್ತದೆ. ಮೊದಲು ತಲೆಕಡೆಯಿಂದ ಕಾಲುಕಡೆಗೆ ನಡುತೊಲೆ ಕೂರಿಸಿ, ಅದಕ್ಕೆ ಎರಡು ಕಾಲು. ಕಾಲಿಗೆ ಎತ್ತರ ಹೊಂದಿಸುವ ತಿರುಪು ಇದ್ದರೆ ನೆಲ ಏರುತಗ್ಗಾದರೂ ಚಿಂತೆಯಿಲ್ಲ. ತೊಲೆಯ ಮೇಲ್ಮೈ ಪಟ್ಟಿಗಳ ತಳವನ್ನು ಮುಟ್ಟುತ್ತಿರಬೇಕು. ಕಾಗದದ ಚೂರು ತೂರಿಸಿ ನೋಡಿ, ಸಲೀಸಾಗಿ ಹೋದರೆ ಕಾಲನ್ನು ಇನ್ನಷ್ಟು ಏರಿಸಿ.

ಆಮೇಲೆ ಪ್ರತಿ ಸಂದಿನ ನಡುವೆ 5 ಸೆಂ.ಮೀ. ಅಗಲದ ಒಂದೊಂದು ಪಟ್ಟಿ, ಒಟ್ಟು ಒಂಬತ್ತು. ಆಗ ಎರಡೂ ಬದಿ 4 ಸೆಂ.ಮೀ. ಚಿಲ್ಲರೆ ಸಂದು ಉಳಿಯುತ್ತದೆ, ಗಾಳಿಗೆ ಅದು ಸಾಕು. ಹೊಸ ಪಟ್ಟಿಯ ದಪ್ಪ ಹಳೆಯದಕ್ಕೆ ಸಮನಾಗಿರಲಿ, ಇಲ್ಲದಿದ್ದರೆ ಭಾರವೆಲ್ಲ ಎತ್ತರದ ಪಟ್ಟಿಗಳ ಮೇಲೆಯೇ ಬೀಳುತ್ತದೆ. ಮೇಲಿನ ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿ. ಸ್ಕ್ರೂ ಬಿಗಿಯುವ ಮೊದಲು ಸಣ್ಣ ತೂತು ಕೊರೆದುಕೊಳ್ಳಿ, ಅಷ್ಟು ಕಿರಿದಾದ ಪಟ್ಟಿ ತುದಿಯಲ್ಲಿ ಸುಲಭವಾಗಿ ಸೀಳುತ್ತದೆ.