ಸಹಾಯ ಬೇಕು: ಕೊಚ್ಚಿ ಮ್ಯಾಚಿಗೆ ಮೈಸೂರಿನಿಂದ ಕಾರಲ್ಲಿ ಹೋದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಕೇರಳ ಬ್ಲಾಸ್ಟರ್ಸ್ ವಿರುದ್ಧ ನಮ್ಮ ಬೆಂಗಳೂರು ಎಫ್‌ಸಿ ಆಡುವ ಫುಟ್‌ಬಾಲ್ ಮ್ಯಾಚ್ ನೋಡೋಕೆ ಕುವೆಂಪುನಗರದಿಂದ ನಾವು ಮೂವರು ಕೊಚ್ಚಿಗೆ ಹೊರಟಿದ್ದೇವೆ. ಟಿಕೆಟ್ ಸಿಕ್ಕಿದೆ, ತಲೆನೋವೆಲ್ಲ ವಾಪಸ್ ಬರುವ ದಾರಿಯದ್ದು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಬಂದ್. ಸತ್ಯಮಂಗಲ ಕಾಡಿನ ದಿಂಬಂ ಘಾಟಿಯಲ್ಲೂ ರಾತ್ರಿ ಬಿಡಲ್ಲ. ಮ್ಯಾಚ್ ಮುಗಿಸಿ ಹೊರಟು ಕೇರಳ ಗಡಿಯ ಮುತ್ತಂಗದ ಹತ್ರ ಬೆಳಗಾಗುವವರೆಗೆ ಕಾಯೋದಾ, ಇಲ್ಲ ಪಾಲಕ್ಕಾಡ್, ಸೇಲಂ ಸುತ್ತಿಕೊಂಡು ಬರೋದಾ? ಹೋಗಿ ಬಂದವರು ದಯವಿಟ್ಟು ಹೇಳಿ. ಗೂಗಲ್ ಮ್ಯಾಪ್ ನಂಬಿ ಕಾಡಂಚಲ್ಲಿ ಸಿಕ್ಕಿಹಾಕಿಕೊಳ್ಳೋಕೆ ಇಷ್ಟ ಇಲ್ಲ.

ಇನ್ನೊಂದು ಮಾತು. ಸ್ಟೇಡಿಯಂ ಇರೋ ಕಲೂರಿನ ಮೆಟ್ರೋದಲ್ಲಿ ನಮ್ಮ ನೀಲಿ ಜೆರ್ಸಿ ಹಾಕಿಕೊಂಡು ಹೋಗಬಹುದಾ, ಅಥವಾ ಸ್ಟೇಡಿಯಂ ಒಳಗೆ ಹೋದ ಮೇಲೆ ಹಾಕಿಕೊಳ್ಳೋದು ಒಳ್ಳೇದಾ? 2023ರ ಮಾರ್ಚಲ್ಲಿ ಬ್ಲಾಸ್ಟರ್ಸ್ ಸಿದ್ಧವಾಗುವ ಮೊದಲೇ ನಮ್ಮ ಛೆಟ್ರಿ ಹೊಡೆದ ಆ ಫ್ರೀ ಕಿಕ್ಕನ್ನು ಹಳದಿ ಜೆರ್ಸಿಯ ಅವರ ಅಭಿಮಾನಿಗಳು ಇನ್ನೂ ಮರೆತಿಲ್ಲ ಅಲ್ವಾ!

ಕಾರಲ್ಲಿ ಒಂದು ಸೀಟು ಖಾಲಿ ಇದೆ. ಪೆಟ್ರೋಲು, ಟೋಲ್ ಹಂಚಿಕೊಳ್ಳೋರು ಮೆಸೇಜ್ ಮಾಡಿ. ಹಳದಿ ಜೆರ್ಸಿಯವರಿಗೆ ಸೀಟಿಲ್ಲ.